‘ಎಲ್ಲಾ ಹೋತು’ ಅನ್ನುವ ಮೊದಲು

ಕಂಪ್ಯೂಟರ್ ರಿಪೇರಿ ಗೊತ್ತಿದೆ ಎಂದು ಊರಲ್ಲಿ ಒಮ್ಮೆ ಹೆಸರಾದರೆ ಮುಗಿಯಿತು, ಯಾವ ಹೊತ್ತಿಗಾದರೂ ಫೋನು ಬರುತ್ತದೆ. ಬಿಸಿಎ ಮುಗಿಸಿ, ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಎರಡು ವರ್ಷ ದುಡಿದು, ಈಗ ಅಣ್ಣಿಗೇರಿಯಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನಗೆ ಬರುವ ಕರೆಗಳಲ್ಲಿ ಒಂದು ಮಾತು ಮಾತ್ರ ಬದಲಾಗುವುದೇ ಇಲ್ಲ. “ಅಣ್ಣಾ, ರೀಸೆಟ್ ಒತ್ತಿಬಿಟ್ಟೆ. ಎಲ್ಲಾ ಹೋತು.” ನವಲಗುಂದದಿಂದ ಬಂದರೂ ಅದೇ ಮಾತು, ಕುಂದಗೋಳದಿಂದ ಬಂದರೂ ಅದೇ ಮಾತು.

‘ಎಲ್ಲಾ’ ಅಂದರೆ ಏನು ಎಂದು ಕೇಳಿದರೆ ಪಟ್ಟಿ ಉದ್ದವಾಗುತ್ತದೆ. ಮಾರ್ಕ್ಸ್ ಕಾರ್ಡಿನ ಸ್ಕ್ಯಾನ್, ಬಯೊಡೇಟಾ, ಬ್ಯಾಂಕ್ ಪರೀಕ್ಷೆಗೆಂದು 20ರಿಂದ 50 ಕೆಬಿಗೆ ಇಳಿಸಿಟ್ಟಿದ್ದ ಫೋಟೊ, ಅದಕ್ಕಿಂತ ಸಣ್ಣದಾಗಿ ಮಾಡಿಟ್ಟ ಸಹಿ, ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟು, ಎರಡು ವರ್ಷ ಕೂಡಿಹಾಕಿದ ನೋಟ್ಸು. ಪಟ್ಟಣದ ಹುಡುಗರಿಗೆ ಇದರಲ್ಲಿ ಅರ್ಧ ಮತ್ತೆ ಒಂದು ದಿನದಲ್ಲಿ ಸಿಗಬಹುದು. ಹಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಲು ಬಸ್ ಹತ್ತಬೇಕು. ಅರ್ಜಿಯ ಕೊನೆಯ ದಿನ ನಾಡಿದ್ದು ಎಂದಾದಾಗ ಈ ಕಳವಳ ಸಣ್ಣದಲ್ಲ.

ಆದರೆ ನಾನು ಕಂಡಂತೆ ಇಂಥ ಕರೆಗಳಲ್ಲಿ ನಿಜವಾಗಿಯೂ ಎಲ್ಲಾ ಹೋಗಿರುವುದು ಕಡಿಮೆ. ರೀಸೆಟ್ ಆದ ಮೇಲೆ ಗಾಬರಿಯಲ್ಲಿ ಮಾಡುವ ಕೆಲಸದಿಂದಲೇ ಹೆಚ್ಚು ಹಾಳಾಗುತ್ತದೆ. ಅದಕ್ಕೇ ಈ ಬರಹ.

ಮೊದಲು ಆ ನೀಲಿ ಪರದೆ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಳ್ಳಿ. ನಮ್ಮ ಕಡೆಯ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಜಾತಿ. ಕೆಲ ವರ್ಷಗಳ ಹಿಂದೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸರ್ಕಾರ ಹಂಚಿದ್ದು ಒಂದು, ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟದ್ದನ್ನು ಸೆಕೆಂಡ್ ಹ್ಯಾಂಡ್ ತಂದದ್ದು ಇನ್ನೊಂದು. ಎರಡರಲ್ಲೂ ಬ್ಯಾಟರಿ ಸತ್ತು ಎಷ್ಟೋ ದಿನವಾಗಿರುತ್ತದೆ. ವೈರು ಸಿಕ್ಕಿಸಿದರೆ ಜೀವ, ಕಿತ್ತರೆ ಇಲ್ಲ. ಮಳೆಗಾಲದಲ್ಲಿ ಕರೆಂಟು ಒಂದು ಗಂಟೆಯಲ್ಲಿ ಮೂರು ಸಲ ಹೋಗಿ ಬರುತ್ತದೆ. ಬಂದ ಕೂಡಲೇ ಬಟನ್ ಒತ್ತುತ್ತೇವೆ, ವಿಂಡೋಸ್ ಅರ್ಧ ಏಳುವಷ್ಟರಲ್ಲಿ ಮತ್ತೆ ಹೋಗುತ್ತದೆ. ಹೀಗೆ ಸತತ ಎರಡು ಸಲ ಪೂರ್ತಿ ಶುರುವಾಗದೆ ನಿಂತರೆ, ವಿಂಡೋಸ್ ತನಗೇ ಏನೋ ರೋಗ ಬಂದಿದೆ ಎಂದು ತಿಳಿದು ಮುಂದಿನ ಸಲ ತಾನಾಗಿಯೇ ರಿಪೇರಿ ಪರದೆಗೆ ಹೋಗುತ್ತದೆ. ಅದನ್ನು ಮಾಡಿಟ್ಟಿರುವುದೇ ಹಾಗೆ. ಒಳಗೆ ಏನೂ ಕೆಟ್ಟಿರಬೇಕೆಂದಿಲ್ಲ. ಕರೆಂಟಿನ ತಪ್ಪಿಗೆ ಕಂಪ್ಯೂಟರು ಔಷಧ ತೆಗೆದುಕೊಳ್ಳಲು ಹೊರಟಿರುತ್ತದೆ, ಅಷ್ಟೇ.

ಆ ಪರದೆಯಲ್ಲಿ ‘ಕಂಟಿನ್ಯೂ’ ಎಂಬ ಆಯ್ಕೆ ಇರುತ್ತದೆ. ಮೊದಲು ಒತ್ತಬೇಕಾದದ್ದು ಅದನ್ನೇ. ಅದರಿಂದಲೇ ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ಎದ್ದು ಕುಳಿತದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ‘ಟ್ರಬಲ್‌ಶೂಟ್’ ಎಂಬ ಮಾತು ಕಣ್ಣಿಗೆ ಬೀಳುತ್ತದೆ, ಅದನ್ನು ಒತ್ತಿದರೆ ಮೇಲ್ಗಡೆಯೇ ‘ರೀಸೆಟ್ ದಿಸ್ ಪಿಸಿ’ ಎಂದಿರುತ್ತದೆ. ಫೋನು ಹ್ಯಾಂಗ್ ಆದಾಗ ರೀಸ್ಟಾರ್ಟ್ ಮಾಡುವುದಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯದವರು ಅದನ್ನೇ ಒತ್ತುತ್ತಾರೆ. ನಿಜವಾದ ಔಷಧವೆಲ್ಲ ಅದರ ಕೆಳಗಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗಿದೆ: ಸ್ಟಾರ್ಟಪ್ ರಿಪೇರಿ, ಸಿಸ್ಟಂ ರೀಸ್ಟೋರ್, ಹೊಸದಾಗಿ ಬಂದ ಅಪ್‌ಡೇಟ್ ತೆಗೆಯುವುದು. ಅಪಾಯದ್ದನ್ನು ಮೇಲಿಟ್ಟು ಅಪಾಯವಿಲ್ಲದ್ದನ್ನು ಒಳಗಿಟ್ಟ ಪುಣ್ಯಾತ್ಮ ಯಾರೋ!

ಅದೇ ಜಾಗದಲ್ಲಿ ‘ಕಮಾಂಡ್ ಪ್ರಾಂಪ್ಟ್’ ಎಂಬ ಕಪ್ಪು ಕಿಟಕಿಯೂ ಇದೆ. ಅದನ್ನು ತೆರೆದು ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ನೋಟ್‌ಪ್ಯಾಡ್ ತೆರೆಯುತ್ತದೆ. ಅದರ ಫೈಲ್ ಮೆನುವಿನಲ್ಲಿ ‘ಓಪನ್’ ಕೊಟ್ಟು, ಕೆಳಗೆ ‘ಆಲ್ ಫೈಲ್ಸ್’ ಆಯ್ದರೆ ನಿಮ್ಮ ಡ್ರೈವುಗಳೆಲ್ಲ ಕಾಣುತ್ತವೆ. ಬೇಕಾದ ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವಿಗೆ ಹೋಗಿ ಪೇಸ್ಟ್. ಡ್ರೈವಿನ ಅಕ್ಷರ ಅದಲುಬದಲಾಗಿ ಕಾಣಬಹುದು, ಸಿ ಇದ್ದದ್ದು ಡಿ ಆಗಿರಬಹುದು. ಹೆದರಬೇಡಿ, ಒಳಹೊಕ್ಕು ನೋಡಿ. ವಿಂಡೋಸ್ ಏಳದಿದ್ದರೂ ಫೈಲು ಹೊರತೆಗೆಯಲು ಇದು ಒಳ್ಳೆಯ ದಾರಿ. ರೀಸೆಟ್ ಮಾಡಲೇಬೇಕು ಎನ್ನುವವರು ಇದನ್ನು ಮಾಡಿಯೇ ಮುಂದೆ ಹೋಗಬೇಕು.

ಇನ್ನು ಒತ್ತಿಯೇ ಬಿಟ್ಟಿದ್ದೀರಿ ಎಂದುಕೊಳ್ಳೋಣ. ನಿಮ್ಮ ನಸೀಬು ನಿಂತಿರುವುದು ಅದು ಕೇಳಿದ ಪ್ರಶ್ನೆಗಳಿಗೆ ನೀವು ಕೊಟ್ಟ ಉತ್ತರದ ಮೇಲೆ. ‘ಕೀಪ್ ಮೈ ಫೈಲ್ಸ್’ ಎಂದಿದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿದ್ದದ್ದು ಹಾಗೇ ಉಳಿಯುತ್ತದೆ. ನೀವು ಹಾಕಿಕೊಂಡಿದ್ದ ಸಾಫ್ಟ್‌ವೇರ್‌ಗಳು ಹೋಗುತ್ತವೆ. ಏನೇನು ತೆಗೆಯಲಾಗಿದೆ ಎಂಬ ಪಟ್ಟಿಯನ್ನು ಅದು ಡೆಸ್ಕ್‌ಟಾಪಿನಲ್ಲೇ ಒಂದು ಫೈಲಾಗಿ ಬಿಟ್ಟುಹೋಗುತ್ತದೆ; ಅದನ್ನು ಅಳಿಸಬೇಡಿ, ಕೆಲಸಕ್ಕೆ ಬರುತ್ತದೆ. ‘ರಿಮೂವ್ ಎವ್ರಿಥಿಂಗ್’ ಎಂದಿದ್ದರೆ ಕಥೆ ಬೇರೆ. ಆಗಲೂ ವಿಂಡೋಸ್ ಇರುವ ಡ್ರೈವ್ ಮಾತ್ರವೇ ಅಥವಾ ಎಲ್ಲ ಡ್ರೈವುಗಳೇ ಎಂಬ ಆಯ್ಕೆ ಇರುತ್ತದೆ. ಮೊದಲನೆಯದಾಗಿದ್ದರೆ ಡಿ ಡ್ರೈವಿನಲ್ಲಿ ಇಟ್ಟದ್ದು ಕೂದಲೂ ಕೊಂಕದೆ ಇರುತ್ತದೆ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್ ಕಾಕಾ ಒಬ್ಬರು, “ಸಿ ಡ್ರೈವ್ ಅಂದ್ರ ಬಾಡಗಿ ಮನಿ, ಡಿ ಡ್ರೈವ್ ಅಂದ್ರ ಸ್ವಂತ ಮನಿ. ಸಾಮಾನೆಲ್ಲಾ ಡಿ ಒಳಗ ಇಡ್ರಿ” ಅನ್ನುತ್ತಿದ್ದರು. ಕಂಪ್ಯೂಟರ್ ಸೈನ್ಸಿನ ಯಾವ ಪುಸ್ತಕಕ್ಕಿಂತ ಅದು ಚೆನ್ನಾಗಿ ನೆನಪಿದೆ.

ರೀಸೆಟ್ ಇನ್ನೊಂದು ಪ್ರಶ್ನೆ ಕೇಳುತ್ತದೆ: ವಿಂಡೋಸನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಲೋ, ಕಂಪ್ಯೂಟರಿನಲ್ಲಿ ಇರುವುದರಿಂದಲೇ ಕಟ್ಟಿಕೊಳ್ಳಲೋ ಎಂದು. ‘ಕ್ಲೌಡ್ ಡೌನ್‌ಲೋಡ್’ ಎಂಬ ಈ ಮೊದಲನೆಯ ದಾರಿ 2020ರಲ್ಲಿ ಬಂತು. ಅದಕ್ಕೆ ಸುಮಾರು 4 ಜಿಬಿ ಡೇಟಾ ಬೇಕು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನ ಮೇಲೆ ಬದುಕುವ ನಾವು ‘ಲೋಕಲ್’ ಅನ್ನುವುದನ್ನೇ ಆಯ್ದುಕೊಳ್ಳುವುದು ಲೇಸು. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪಾದರೆ ಹೊಲಕ್ಕೆ ನೀರು ಬಿಡಲು ತ್ರೀ ಫೇಸ್ ಕರೆಂಟಿಗೆ ಕಾಯುವ ರೈತರ ಹಾಗೆ, ಕರೆಂಟು ನಿಲ್ಲದೆ ಇರುವ ಹೊತ್ತು ನೋಡಿ ಕೂರಬೇಕು. ಇಲ್ಲವೇ ಯುಪಿಎಸ್ ಇರುವವರ ಮನೆಗೆ ಲ್ಯಾಪ್‌ಟಾಪನ್ನೇ ಒಯ್ಯಬೇಕು.

ಈಗ ನನ್ನ ಚಿಗವ್ವನ ಮಗಳ ಸಂಗತಿ ಹೇಳುತ್ತೇನೆ. ಅವರದು ಕಲಘಟಗಿ ತಾಲ್ಲೂಕಿನ ಹಳ್ಳಿ. ತಂಗಿ ಧಾರವಾಡದಲ್ಲಿ ಎಂ.ಎ. ಓದುತ್ತಾಳೆ. ಅವಳ ಅಜ್ಜಿ ಹಾಡುತ್ತಿದ್ದ ಬೀಸುಕಲ್ಲಿನ ಪದಗಳನ್ನು ಫೋನಿನಲ್ಲಿ ಹಿಡಿದು, ರಜೆಯಲ್ಲಿ ಕುಳಿತು ಒಂದೊಂದೇ ಕೇಳಿ ಟೈಪ್ ಮಾಡಿದ್ದಳು. ನಲವತ್ತಕ್ಕೂ ಹೆಚ್ಚು ಪದ. ಆ ಫೋನು ಆಮೇಲೆ ಬಾವಿಗೆ ಬಿತ್ತು. ಅಜ್ಜಿ ಬನದ ಹುಣ್ಣಿವೆ ಆಸುಪಾಸಿನಲ್ಲಿ ತೀರಿಕೊಂಡರು. ಹಾಗಾಗಿ ಪದ ಉಳಿದದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ. ಆರಿದ್ರಾ ಮಳೆ ಹಿಡಿದ ಒಂದು ಸಂಜೆ ಕರೆಂಟು ಹೋಗಿ ಬಂದು ಮಾಡಿ, ನೀಲಿ ಪರದೆ ಬಂದು, ಅವಳು ರೀಸೆಟ್ ಒತ್ತಿದಳು. ಪುಣ್ಯಕ್ಕೆ ‘ಕೀಪ್ ಮೈ ಫೈಲ್ಸ್’ ಎಂದೇ ಕೊಟ್ಟಿದ್ದಳು. ಫೈಲುಗಳೆಲ್ಲ ಹೆಸರು ಸಮೇತ ಇದ್ದವು. ತೆರೆದರೆ ಮಾತ್ರ ಒಳಗೆ ಕನ್ನಡವೇ ಇಲ್ಲ.

ಪೇಟೆಯ ಅಂಗಡಿಯೊಂದಕ್ಕೆ ಒಯ್ದಾಗ ಅಲ್ಲಿದ್ದವರು ನೋಡಿ, “ಫೈಲ್ ಕರಪ್ಟ್ ಆಗ್ಯಾವು. ಫುಲ್ ಫಾರ್ಮ್ಯಾಟ್ ಹೊಡದು ಹೊಸಾದು ಹಾಕೋಣು, ನಾಳೆ ಬರ್ರಿ” ಅಂದಿದ್ದಾರೆ. ಅವಳು ಲ್ಯಾಪ್‌ಟಾಪ್ ಬಿಟ್ಟುಬರಲು ಮನಸ್ಸಾಗದೆ ಮನೆಗೆ ತಂದು ನನಗೆ ಫೋನು ಮಾಡಿದಳು.

“ಅಕ್ಷರ ಹೆಂಗ ಕಾಣಸ್ತಾವವಾ?” ಅಂದೆ.

“ಇಂಗ್ಲಿಷ್ ಅಕ್ಷರಕ್ಕ ಟೊಪಗಿ ಹಾಕಿಧಂಗ ಅದಾವಣ್ಣಾ. ಕೆಲವಕ್ಕ ಬಾಲ ಅದಾವು. ನಡುವ ಪೌಂಡಿನ ಗುರುತು ಬಂದೈತಿ.”

“ಹಂಗಿದ್ರ ಏನೂ ಹೋಗಿಲ್ಲ ಬಿಡು. ಆ ಫೈಲ್ ಮುಟ್ಟಬ್ಯಾಡ, ನಾಳೆ ನಾನಽ ಬರ್ತೀನಿ.”

ಈ ಟೊಪಗಿ ಹಾಕಿದ ಇಂಗ್ಲಿಷು ಏನೆಂದು ನುಡಿ ಬಳಸುವವರಿಗೆ ಗೊತ್ತಿರಬೇಕಾದದ್ದು, ಆದರೆ ಎಷ್ಟೋ ಜನರಿಗೆ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಮನೆಮನೆಗೆ ತಂದದ್ದು ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’. ಸರ್ಕಾರಿ ಕಚೇರಿ, ಡಿಟಿಪಿ ಅಂಗಡಿ, ಟೈಪಿಂಗ್ ಪರೀಕ್ಷೆ ಎಲ್ಲ ಕಡೆ ನುಡಿಯೇ ನೆಲೆಯೂರಿತು. ಅದರ ಹಳೆಯ ಪದ್ಧತಿಯಲ್ಲಿ ಕಂಪ್ಯೂಟರು ನಿಜವಾಗಿ ಕನ್ನಡವನ್ನು ಉಳಿಸಿಟ್ಟುಕೊಳ್ಳುವುದಿಲ್ಲ. ಅದರ ಲೆಕ್ಕದಲ್ಲಿ ಅಲ್ಲಿ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳೇ. ಆ ಅಕ್ಷರಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳ ಚಿತ್ರ ತೋರಿಸುವುದು ‘ನುಡಿ 01 ಇ’ ಮುಂತಾದ ಫಾಂಟುಗಳ ಕೆಲಸ. ಫಾಂಟು ಹೋದರೆ ವೇಷ ಕಳಚಿದಂತೆ. ಬಯಲಾಟ ಮುಗಿದು ಬಣ್ಣ ತೊಳೆದುಕೊಂಡ ಪಾತ್ರಧಾರಿಯನ್ನು ಕಂಡು, ಭೀಮ ಸತ್ತುಹೋದ ಅಂತ ಯಾರಾದರೂ ಅಳುತ್ತಾರೆಯೇ? ರೀಸೆಟ್ ಮಾಡಿದಾಗ ನುಡಿ ಹೋಯಿತು, ಫಾಂಟಿಲ್ಲದೆ ಫೈಲು ತನ್ನ ಒಳಗಿನ ರೂಪ ತೋರಿಸಿತು. ಪದಗಳಿಗೆ ಏನೂ ಆಗಿರಲಿಲ್ಲ. ‘ಫುಲ್ ಫಾರ್ಮ್ಯಾಟ್’ ಹೊಡೆದಿದ್ದರೆ ಮಾತ್ರ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ವಿಂಡೋಸ್ ವಿಸ್ಟಾ ಬಂದಾಗಿನಿಂದ ಪೂರ್ಣ ಫಾರ್ಮ್ಯಾಟ್ ಎಂದರೆ ಡಿಸ್ಕಿನ ತುಂಬ ಸೊನ್ನೆ ಬರೆಯುವುದು. ಅದಾದ ಮೇಲೆ ಯಾವ ಸಾಫ್ಟ್‌ವೇರಿಗೂ ಏನೂ ಸಿಗುವುದಿಲ್ಲ.

ಮರುದಿನ ಕಾರವಾರ ರಸ್ತೆಯ ಬಸ್ ಹಿಡಿದು ಹೋದೆ. ಮೊದಲು ಆ ಫೋಲ್ಡರನ್ನು ಹಾಗೇ ಪೆನ್‌ಡ್ರೈವಿಗೆ ಹಾಕಿಕೊಂಡೆ. ಆಮೇಲೆ ನುಡಿ ಇನ್‌ಸ್ಟಾಲ್ ಮಾಡಿ ಫೈಲು ತೆರೆದೆ. ಕನ್ನಡ ಬಂದಿತ್ತು. ಚಿಗವ್ವ ಒಲೆಯ ಮುಂದಿನಿಂದ ಎದ್ದು ಬಂದು ನಿಂತು ಎರಡು ಪದ ಓದಿಸಿಕೊಂಡು, ಮೂರನೆಯದಕ್ಕೆ “ಇದನ್ನ ಅತ್ತಿ ಹಿಂಗ ಹಾಡ್ತಿರಲಿಲ್ಲ, ನೀ ತಪ್ಪ ಬರದೀ” ಎಂದು ಮಗಳಿಗೆ ತಿದ್ದಿ ಹೇಳಿಕೊಟ್ಟರು. ಕೂತು ಅದನ್ನೂ ಸರಿಮಾಡಿಕೊಂಡೆವು.

ಇಷ್ಟಕ್ಕೆ ಬಿಡಬಾರದು. ಹಳೆಯ ನುಡಿ, ಬರಹದಲ್ಲಿ ಇರುವುದನ್ನು ಯೂನಿಕೋಡಿಗೆ ಬದಲಾಯಿಸಿಟ್ಟುಕೊಳ್ಳಬೇಕು. ನುಡಿಯ ಜೊತೆಗೇ ಪರಿವರ್ತಕ ಬರುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಜಾಗವಿದೆ, ಅದು 1991ರ ಮೊದಲ ಆವೃತ್ತಿಯಿಂದಲೇ ಇದೆ. ವಿಂಡೋಸಿನಲ್ಲಿ ಎಕ್ಸ್‌ಪಿ ಕಾಲದಿಂದ ಕನ್ನಡದ ಫಾಂಟು ಕೂಡಿಯೇ ಬರುತ್ತಿದೆ. ಹಾಗೆ ಬದಲಾಯಿಸಿದ ಬರಹ ಯಾವ ಫೋನಿನಲ್ಲೂ, ಯಾವ ರೀಸೆಟ್ ಆದ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಒಂದು ಎಚ್ಚರ: ಪರಿವರ್ತಿಸುವಾಗ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವು ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಅರ್ಕಾವೊತ್ತು ಕೆಲವು ಕಡೆ ಜಾಗ ತಪ್ಪುತ್ತದೆ. ಒಮ್ಮೆ ಓದಿ ನೋಡದೆ ಪ್ರಾಜೆಕ್ಟಿಗೆ ಸೇರಿಸಬೇಡಿ. ಮೂಲ ಫೈಲನ್ನು ಅಳಿಸಲೂ ಬೇಡಿ.

ಇದು ಸುಲಭದ ಸಂಗತಿ. ಕಷ್ಟದ್ದು ‘ರಿಮೂವ್ ಎವ್ರಿಥಿಂಗ್’ ಒತ್ತಿದವರದು.

ಉತಾರದಲ್ಲಿ ಹೆಸರು ತೆಗೆದುಹಾಕಿದರೆ ಹೊಲ ಮಾಯವಾಗುವುದಿಲ್ಲ. ಅಲ್ಲೇ ಬಿದ್ದಿರುತ್ತದೆ, ಬೆಳೆದ ಬೆಳೆಯೂ ಇರುತ್ತದೆ. ಬೇರೆಯವರು ರಂಟೆ ಹೊಡೆದು ಬಿತ್ತಿದ ಮೇಲೆ ಹಳೆಯದು ಹೋಗುತ್ತದೆ. ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕುಗಳಲ್ಲಿ ಫೈಲು ಅಳಿಸುವುದೂ ಹೀಗೆಯೇ. ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯಿಂದ ಹೆಸರು ಹೋಗುತ್ತದೆ, ಫೈಲು ಆ ಜಾಗದಲ್ಲೇ ಉಳಿದಿರುತ್ತದೆ. ಆ ಜಾಗದ ಮೇಲೆ ಬೇರೆ ಏನಾದರೂ ಬರೆಯುವವರೆಗೆ ಅದನ್ನು ಹುಡುಕಿ ತೆಗೆಯಬಹುದು. ರೀಸೆಟ್ ಆದ ಮೇಲೆ ಸಿನಿಮಾ ಇಳಿಸಿದಿರಿ, ಗೇಮ್ ಹಾಕಿದಿರಿ, ಅಪ್‌ಡೇಟ್ ಓಡಲು ಬಿಟ್ಟಿರಿ ಎಂದರೆ ನಿಮ್ಮ ಹೊಲವನ್ನು ನೀವೇ ಹರಗಿದಂತೆ. ಹಾಗಾಗಿ ಮಾಡಬೇಕಾದದ್ದು ಒಂದೇ: ಸ್ವಿಚ್ ಆಫ್. ಹೊಸ ವಿಂಡೋಸ್ ಬರೆದುಕೊಂಡಿರುವಷ್ಟು ಜಾಗ ಈಗಾಗಲೇ ಹೋಗಿದೆ, ಉಳಿದದ್ದನ್ನಾದರೂ ಕಾಪಾಡಬೇಕಲ್ಲ.

ಎಸ್‌ಎಸ್‌ಡಿ ಇರುವ ಹೊಸ ಲ್ಯಾಪ್‌ಟಾಪಾದರೆ ಆಸೆ ಕಡಿಮೆ. ಅದರಲ್ಲಿ ‘ಟ್ರಿಮ್’ ಎಂಬ ಆಜ್ಞೆ ಇದೆ. ಫೈಲು ಅಳಿಸಿದ ಕೂಡಲೇ ಈ ಜಾಗ ಇನ್ನು ಬೇಡ ಎಂದು ವಿಂಡೋಸ್ ಡಿಸ್ಕಿಗೆ ತಿಳಿಸುತ್ತದೆ, ಡಿಸ್ಕು ತನ್ನ ಬಿಡುವಿನಲ್ಲಿ ಅದನ್ನು ಒಳಗಿಂದಲೇ ಖಾಲಿ ಮಾಡಿಬಿಡುತ್ತದೆ. ವೇಗಕ್ಕೆ ಅದು ಬೇಕು, ನಮಗೆ ಮಾತ್ರ ಮುಳುವು. ಅಂಗಡಿಯವರು ಎಸ್‌ಎಸ್‌ಡಿಯಿಂದಲೂ ಎಲ್ಲ ತೆಗೆದುಕೊಡುತ್ತೇವೆ ಎಂದು ಮುಂಗಡ ಕೇಳಿದರೆ ಎರಡು ಸಲ ಯೋಚಿಸಿ.

ಹಾರ್ಡ್‌ಡಿಸ್ಕಾದರೆ ದುಡ್ಡಿಲ್ಲದ ದಾರಿಗಳಿವೆ. ಫೋಟೊರೆಕ್ ಮತ್ತು ಟೆಸ್ಟ್‌ಡಿಸ್ಕ್ ಎಂಬ ಎರಡು ಉಚಿತ ಮುಕ್ತ ತಂತ್ರಾಂಶಗಳನ್ನು ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೇ ಬರೆದಿದ್ದಾರೆ. ಟೆಸ್ಟ್‌ಡಿಸ್ಕ್ ಕಳೆದುಹೋದ ಪಾರ್ಟಿಶನ್ ಹುಡುಕುತ್ತದೆ. ಫೋಟೊರೆಕ್ ಹೆಸರಿಗೆ ಫೋಟೊ ಆದರೂ ವರ್ಡ್, ಪಿಡಿಎಫ್, ಆಡಿಯೊ ಎಲ್ಲವನ್ನೂ ಅವುಗಳ ತಲೆಭಾಗದ ಗುರುತು ನೋಡಿ ಪತ್ತೆ ಹಚ್ಚುತ್ತದೆ. ಹೀಗೆ ಸಿಕ್ಕ ಫೈಲಿಗೆ ಹಳೆಯ ಹೆಸರು, ಫೋಲ್ಡರು ಇರುವುದಿಲ್ಲ. ಸಾವಿರಾರು ಫೈಲು ಬರೀ ಅಂಕಿಗಳ ಹೆಸರಿನಲ್ಲಿ ಬಂದು ಬೀಳುತ್ತವೆ. ಜಾತ್ರೆಯಲ್ಲಿ ಕಳೆದ ಚಪ್ಪಲಿ ಹುಡುಕಿದಂತೆ ಕೂತು ಹುಡುಕಬೇಕು, ತಾಳ್ಮೆ ಇದ್ದವರಿಗೆ ಸಿಗುತ್ತದೆ. ರೆಕುವಾ ಎಂಬ ಸಾಫ್ಟ್‌ವೇರು ಬಳಸಲು ಇನ್ನೂ ಸುಲಭ. ಯಾವುದೇ ಆದರೂ ಒಂದು ನಿಯಮ ತಪ್ಪಬಾರದು. ಫೈಲು ಕಳೆದುಹೋದ ಡಿಸ್ಕಿನ ಮೇಲೆ ಈ ಸಾಫ್ಟ್‌ವೇರ್ ಹಾಕಬಾರದು, ಸಿಕ್ಕ ಫೈಲನ್ನು ಅದೇ ಡಿಸ್ಕಿಗೆ ಉಳಿಸಲೂಬಾರದು. ಉಬುಂಟು ಹಾಕಿದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರುಮಾಡಿ, ಇನ್‌ಸ್ಟಾಲ್ ಕೊಡದೆ ‘ಟ್ರೈ’ ಎಂದು ಕೊಟ್ಟು ಅಲ್ಲಿಂದ ಕೆಲಸ ಮಾಡಿ. ಅಥವಾ ಡಿಸ್ಕು ಬಿಚ್ಚಿ ಯುಎಸ್‌ಬಿ ಕೇಬಲ್ಲಿನಿಂದ ಗೆಳೆಯರ ಕಂಪ್ಯೂಟರಿಗೆ ಸಿಕ್ಕಿಸಿ. ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಮಾತ್ರ ಏನೂ ಮಾಡಬೇಡಿ. ಅದು ಯಂತ್ರದ ರೋಗ, ಓಡಿಸಿದಷ್ಟೂ ಕೆಡುತ್ತದೆ.

ಬೂಟಬಲ್ ಪೆನ್‌ಡ್ರೈವಿನಿಂದ ವಿಂಡೋಸ್ ಮತ್ತೆ ಹಾಕುವವರಿಗೂ ಒಂದು ಮಾತು. ಪಾರ್ಟಿಶನ್ ಪಟ್ಟಿ ಬರುವ ಜಾಗದಲ್ಲಿ ಡಿಲೀಟ್, ಫಾರ್ಮ್ಯಾಟ್ ಎರಡನ್ನೂ ಒತ್ತದೆ ಹಳೆಯ ವಿಂಡೋಸ್ ಇದ್ದ ಪಾರ್ಟಿಶನ್ನನ್ನೇ ಆಯ್ದು ಮುಂದೆ ಹೋದರೆ, ಹಳೆಯದೆಲ್ಲ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಕೂಡಿಬೀಳುತ್ತದೆ. ಅದರೊಳಗಿನ ‘ಯೂಸರ್ಸ್’ನಲ್ಲಿ ನಿಮ್ಮ ಹೆಸರಿನ ಫೋಲ್ಡರು ಇರುತ್ತದೆ. ಇದು ಶಾಶ್ವತವಲ್ಲ. ಆವೃತ್ತಿ ಬದಲಾಯಿಸಿದಾಗ ಉಳಿಯುವ ಇಂಥ ಫೋಲ್ಡರನ್ನು ವಿಂಡೋಸ್ 10 ದಿನಕ್ಕೆ ತಾನೇ ಅಳಿಸುತ್ತದೆ. ಹಾಗಾಗಿ ಕಂಡ ದಿನವೇ ತೆಗೆದುಕೊಳ್ಳಿ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಬಿಟ್‌ಲಾಕರ್. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬೀಗ ಹಾಕಿಯೇ ಇರುತ್ತದೆ. ವಿಂಡೋಸ್ 11ರ 2024ರ ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಬೀಗ ತಾನಾಗಿಯೇ ಬೀಳುತ್ತದೆ. ಆಮೇಲೆ ಯಾರೋ ಬಯೋಸ್ ಸೆಟಪ್ಪಿಗೆ ಹೋಗಿ ‘ಲೋಡ್ ಡಿಫಾಲ್ಟ್ಸ್’ ಒತ್ತಿದರೂ ಸಾಕು, ಕಂಪ್ಯೂಟರು ನಿಮ್ಮನ್ನು ಕಳ್ಳನಂತೆ ನಿಲ್ಲಿಸಿ 48 ಅಂಕಿಯ ಕೀಲಿ ಕೇಳುತ್ತದೆ. ಆ ಕೀಲಿ ಇರುವುದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ. ಇಲ್ಲಿ ನಮ್ಮ ಹಳ್ಳಿಗಳ ವಿಶೇಷ ತೊಂದರೆ ಬರುತ್ತದೆ: ಆ ಖಾತೆ ಮಾಡಿಕೊಟ್ಟವರು ಅಂಗಡಿಯವರು. ಯಾವ ಇಮೇಲು, ಯಾವ ಪಾಸ್‌ವರ್ಡು, ಯಾರ ಫೋನ್ ನಂಬರು, ಒಂದೂ ನೆನಪಿಲ್ಲ. ಕೀಲಿ ಸಿಗದಿದ್ದರೆ ಡಿಸ್ಕಿನಲ್ಲಿ ಎಲ್ಲ ಇದ್ದೂ ಇಲ್ಲದಂತೆ. ಲ್ಯಾಪ್‌ಟಾಪ್ ಚೆನ್ನಾಗಿ ನಡೆಯುತ್ತಿರುವಾಗಲೇ ಯಾವ ಖಾತೆ ಇದೆ ಎಂದು ಸೆಟ್ಟಿಂಗ್ಸಿನಲ್ಲಿ ನೋಡಿ, ಅದನ್ನು ನಿಮ್ಮ ಸ್ವಂತ ಖಾತೆಗೆ ಬದಲಿಸಿ, ಆ 48 ಅಂಕಿಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ಕೈಬರಹಕ್ಕೆ ರೀಸೆಟ್ ಇಲ್ಲ.

ದುಡ್ಡಿನ ವಿಷಯ. ರೀಸೆಟ್ ಆದ ಮೇಲೆ “ವಿಂಡೋಸ್ ಕೀ ಹಾಕಬೇಕು, ಅದಕ್ಕ ಬ್ಯಾರೆ ರೊಕ್ಕ” ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಂಡೋಸ್ 8ರಿಂದೀಚೆಗೆ ಕಂಪನಿಯಿಂದಲೇ ವಿಂಡೋಸ್ ಹಾಕಿಸಿಕೊಂಡು ಬಂದ ಲ್ಯಾಪ್‌ಟಾಪ್‌ಗಳಲ್ಲಿ 25 ಅಕ್ಷರದ ಕೀಲಿ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಕೂತಿರುತ್ತದೆ. ಅದೇ ಆವೃತ್ತಿ ಹಾಕಿ ಇಂಟರ್ನೆಟ್ ಕೊಟ್ಟರೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಹೊಸ ಲ್ಯಾಪ್‌ಟಾಪಿನ ಜೊತೆ ಆಫೀಸ್ ಬಂದಿದ್ದರೆ ಅದು ಮೊದಲು ಹಾಕಿದ ಖಾತೆಗೆ ಅಂಟಿಕೊಂಡಿರುತ್ತದೆ. ಅದೇ ಖಾತೆಯಿಂದ ಹೋದರೆ ವಾಪಸ್ ಸಿಗುತ್ತದೆ. ರೀಸೆಟ್ ಆದ ಮೇಲೆ ವೈಫೈ ಕಾಣದಿದ್ದರೆ ಅದಕ್ಕೂ ಅಂಗಡಿ ಬೇಡ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್ಲಿನಿಂದ ಸಿಕ್ಕಿಸಿ ‘ಯುಎಸ್‌ಬಿ ಟೆಥರಿಂಗ್’ ಆನ್ ಮಾಡಿ, ಇಂಟರ್ನೆಟ್ ಬರುತ್ತದೆ, ಡ್ರೈವರುಗಳು ತಾವಾಗಿಯೇ ಇಳಿಯುತ್ತವೆ.

ಇನ್ನು ಡಿಸ್ಕಿನಲ್ಲಿ ಏನೂ ಉಳಿದಿಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಒಂದು ಪ್ರಶ್ನೆ ಕೇಳುತ್ತೇನೆ: ಆ ಫೈಲನ್ನು ಯಾರಿಗಾದರೂ ಕಳಿಸಿದ್ದಿರೇನು? ನಮ್ಮ ಹುಡುಗರು ಪ್ರಿಂಟಿಗೆಂದು ಝೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪಿಗೆ, ತೋರಿಸಲೆಂದು ಗೈಡ್ ಸರ್‌ಗೆ, ಹಂಚಿಕೊಳ್ಳಲೆಂದು ಗೆಳೆಯರ ಗುಂಪಿಗೆ ಎಲ್ಲವನ್ನೂ ಕಳಿಸಿರುತ್ತಾರೆ. ಫೋನಿನ ಫೈಲ್ ಮ್ಯಾನೇಜರಿನಲ್ಲಿ ವಾಟ್ಸ್‌ಆ್ಯಪ್ ಡಾಕ್ಯುಮೆಂಟ್ಸ್ ಫೋಲ್ಡರು, ಅದರೊಳಗೆ ‘ಸೆಂಟ್’ ಎಂಬ ಇನ್ನೊಂದು ಫೋಲ್ಡರು ಇದೆ. ಫೋನಿನಿಂದ ಕಳಿಸಿದ ಫೈಲಿನ ಪ್ರತಿ ಅಲ್ಲಿ ಬಿದ್ದಿರುತ್ತದೆ. ಜಿಮೇಲಿನ ‘ಸೆಂಟ್’ನಲ್ಲಿ ವರ್ಷಗಳ ಹಿಂದಿನದೂ ಇರುತ್ತದೆ. ಕ್ರೋಮಿನಲ್ಲಿ ಗೂಗಲ್ ಖಾತೆಯಿಂದ ಒಳಗಿದ್ದು ಸಿಂಕ್ ಆನ್ ಇದ್ದರೆ ಪಾಸ್‌ವರ್ಡು, ಬುಕ್‌ಮಾರ್ಕು ಎಲ್ಲ ಹಿಂತಿರುಗುತ್ತವೆ. ಡಾಕ್ಯುಮೆಂಟ್ಸ್ ಫೋಲ್ಡರು ನಿಮಗೆ ಗೊತ್ತಿಲ್ಲದೆಯೇ ಒನ್‌ಡ್ರೈವಿಗೆ ಹೋಗುತ್ತಿರಬಹುದು, ಉಚಿತವಾಗಿ 5 ಜಿಬಿವರೆಗೆ. ಬ್ರೌಸರಿನಲ್ಲಿ ಒಮ್ಮೆ ನೋಡಿ. ಕುಂದಗೋಳದ ಗೆಳೆಯನೊಬ್ಬನ ಇಡೀ ಬಯೊಡೇಟಾ ಸಿಕ್ಕದ್ದು ಅವನು ಆರು ತಿಂಗಳ ಹಿಂದೆ ಕೆಲಸಕ್ಕೆಂದು ಅರ್ಜಿ ಹಾಕಿ ಉತ್ತರವೇ ಬಾರದ ಒಂದು ಇಮೇಲಿನಲ್ಲಿ. ಆ ಕಂಪನಿಯಿಂದ ಆದ ಉಪಕಾರ ಅಷ್ಟೇ.

ದಾಖಲೆಗಳಿಗಂತೂ ಅಳುವ ಕಾರಣವೇ ಇಲ್ಲ. 2015ರಲ್ಲಿ ಶುರುವಾದ ಡಿಜಿಲಾಕರಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಸಿಗುತ್ತವೆ, ಕಾನೂನಿನ ಪ್ರಕಾರ ಮೂಲ ದಾಖಲೆಗೆ ಸಮ. ಜಾತಿ, ಆದಾಯ ಪ್ರಮಾಣಪತ್ರವನ್ನು ಅದರ ಮೇಲಿನ ಆರ್‌.ಡಿ. ಸಂಖ್ಯೆ ಇದ್ದರೆ ನಾಡಕಚೇರಿಯ ಜಾಲತಾಣದಿಂದ ಮತ್ತೆ ತೆಗೆಯಬಹುದು. ಕೊನೆಯ ದಿನ ಹತ್ತಿರವಿದ್ದರೆ ಲ್ಯಾಪ್‌ಟಾಪ್ ಸರಿಯಾಗಲಿ ಎಂದು ಕಾಯುತ್ತಾ ಕೂರುವುದು ಮೂರ್ಖತನ. ಫೋನಿನಲ್ಲಿ ಡಿಜಿಲಾಕರ್ ತೆರೆದು, ಗ್ರಾಮ ಒನ್ ಕೇಂದ್ರದಿಂದಲೋ ಕಂಪ್ಯೂಟರ್ ಇರುವ ಪಂಚಾಯಿತಿಯ ಅರಿವು ಕೇಂದ್ರದಿಂದಲೋ ಅರ್ಜಿ ತುಂಬಿ ಮುಗಿಸಿ. ಡಿಸ್ಕಿನ ಹುಡುಕಾಟ ಆಮೇಲೆ ಸಾವಕಾಶ ಮಾಡಿದರಾಯಿತು, ಆಫ್ ಆಗಿರುವ ಡಿಸ್ಕು ಓಡಿಹೋಗುವುದಿಲ್ಲ. ನೆಟ್ ಸೆಂಟರಿನ ಕಂಪ್ಯೂಟರಿನಲ್ಲಿ ನಿಮ್ಮ ಆಧಾರ್, ಅಂಕಪಟ್ಟಿ ಉಳಿಯದಂತೆ ಅಳಿಸಿ ಬರುವುದನ್ನು ಮಾತ್ರ ಮರೆಯಬೇಡಿ. ಹಳೆಯ ಫೈಲು ಅಲ್ಲಿ ಸಿಕ್ಕಾಗ ಖುಷಿಯಾಗುತ್ತದೆ ನಿಜ, ನಿಮ್ಮದು ನಿಮಗೆ ಸಿಕ್ಕಂತೆ ಬೇರೆಯವರಿಗೂ ಸಿಗುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ನಿಂತಿದೆ. ನಮ್ಮ ಕಡೆಯ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು 11ಕ್ಕೆ ಏರುವಂಥವಲ್ಲ. ಹಾಗಾಗಿ ಬರುವ ದಿನಗಳಲ್ಲಿ ಹೊಸದು ಹಾಕಲು ಹೋಗಿ ರೀಸೆಟ್ ಒತ್ತುವವರು ಹೆಚ್ಚುತ್ತಾರೆಂದು ನನ್ನ ಎಣಿಕೆ. ಅದಕ್ಕೆಂದೇ 8 ಜಿಬಿಯ ಪೆನ್‌ಡ್ರೈವುಗಳು ಎರಡನ್ನು ಮಾಡಿಟ್ಟಿದ್ದೇನೆ. ಒಂದರಲ್ಲಿ ಉಬುಂಟು, ಇನ್ನೊಂದರಲ್ಲಿ ಮೈಕ್ರೋಸಾಫ್ಟಿನವರದೇ ಮೀಡಿಯಾ ಕ್ರಿಯೇಶನ್ ಟೂಲಿನಿಂದ ಮಾಡಿದ ವಿಂಡೋಸ್. ಬಿಳಿ ಟೇಪು ಸುತ್ತಿ ಯಾವುದು ಯಾವುದೆಂದು ಪೆನ್ನಿನಲ್ಲಿ ಬರೆದಿದೆ. ಉಬುಂಟು ಇರುವುದು ಹದಿನೈದು ದಿನದಿಂದ ನವಲಗುಂದದಲ್ಲಿದೆ. ಒಯ್ದವರು ಈ ಪುಟ ಓದುತ್ತಿದ್ದರೆ ಈ ವಾರ ಬಸ್ಸಿನ ಕಂಡಕ್ಟರ್ ಕೈಯಲ್ಲಾದರೂ ಕಳಿಸಿಕೊಡಬೇಕು, ಇಲ್ಲಿ ಇನ್ನೊಬ್ಬರು ಲ್ಯಾಪ್‌ಟಾಪ್ ಆಫ್ ಮಾಡಿಟ್ಟುಕೊಂಡು ಕಾಯುತ್ತಿದ್ದಾರೆ.